ಏಕಕೋಶ ಜೀವಿಗಳಲ್ಲಿ ಡಿಎನ್‌ಎ ಕಾಯುವ ಕಿಣ್ವಗಳ ವಿಕಾಸ

ಬ್ಯಾಕ್ಟೀರಿಯ, ಆರ್ಕಿಯ, ಯೀಸ್ಟ್, ಪ್ಯಾರಮೀಸಿಯಮ್ ಮೊದಲಾದ ಏಕಕೋಶ ಜೀವಿಗಳಲ್ಲಿ ಡಿಎನ್‌ಎಯನ್ನು ನಕಲು ಮಾಡುವ, ನಕಲಿನ ತಪ್ಪುಗಳನ್ನು ತಿದ್ದುವ, ಕೆಟ್ಟ ಭಾಗವನ್ನು ಸರಿಪಡಿಸುವ, ಕಡಿದ ಎಳೆಗಳನ್ನು ಬೆಸೆಯುವ, ಸುರುಳಿಯ ಬಿಗುವನ್ನು ಸಡಿಲಿಸುವ ಕಿಣ್ವಗಳನ್ನು ಒಟ್ಟಾಗಿ ಡಿಎನ್‌ಎ ಕಾಯುವ ಕಿಣ್ವಗಳು ಎನ್ನಬಹುದು. ಡಿಎನ್‌ಎ ಇರುವ ಯಾವ ಜೀವಕೋಶಕ್ಕೂ ಈ ಕೆಲಸಗಳು ತಪ್ಪಿದ್ದಲ್ಲ. ಆದರೆ ಅವನ್ನು ಮಾಡುವ ಕಿಣ್ವಗಳೆಲ್ಲ ಒಂದೇ ಮೂಲದವಲ್ಲ. ಕೆಲವು ಸಕಲ ಜೀವಿಗಳ ಸಾಮಾನ್ಯ ಪೂರ್ವಜನಿಂದ ಇಳಿದು ಬಂದಿವೆ. ಕೆಲವು ಬೇರೆ ಬೇರೆ ವಂಶಗಳಲ್ಲಿ ಸ್ವತಂತ್ರವಾಗಿ ಹುಟ್ಟಿವೆ. ಕೆಲವು ಒಂದು ಜೀವಿಯಿಂದ ಇನ್ನೊಂದಕ್ಕೆ ದಾಟಿವೆ. ಬೇರೆ ಕೆಲಸಕ್ಕಿದ್ದ ಕೆಲವು ಇಲ್ಲಿಗೆ ಒದಗಿವೆ. ಇದ್ದುದನ್ನು ಕಳೆದುಕೊಂಡ ಜೀವಿಗಳೂ ಇವೆ. ಹಾಗಾಗಿ ಈ ಕಿಣ್ವಗಳ ಚರಿತ್ರೆಯು ಒಂದೇ ಯಂತ್ರ ಹಂತಹಂತವಾಗಿ ಸುಧಾರಿಸುತ್ತ ಹೋದ ಕಥೆಯಲ್ಲ. ಒಂದೇ ಅಗತ್ಯವನ್ನು ಜೀವಸಂಕುಲ ಹಲವು ದಾರಿಗಳಲ್ಲಿ ಪೂರೈಸಿಕೊಂಡ ಕಥೆ.

ಏಕಕೋಶ ಜೀವಿಗಳಲ್ಲಿ ಈ ವಿಷಯಕ್ಕೆ ವಿಶೇಷ ತೂಕವಿದೆ. ಬಹುಕೋಶ ಪ್ರಾಣಿಯ ಚರ್ಮದ ಕೋಶದಲ್ಲಿ ಆದ ಉತ್ಪರಿವರ್ತನೆ ಆ ದೇಹದೊಂದಿಗೇ ಕೊನೆಗೊಳ್ಳುತ್ತದೆ. ಬ್ಯಾಕ್ಟೀರಿಯದಲ್ಲಿ ದೇಹವೇ ಬೀಜ. ತಿದ್ದದೆ ಉಳಿದ ತಪ್ಪು ಮುಂದಿನ ಪೀಳಿಗೆಗೆ ನೇರವಾಗಿ ಇಳಿಯುತ್ತದೆ.

ಹಾನಿಯ ಬಗೆಗಳು

ಡಿಎನ್‌ಎ ಸ್ಥಿರವಾದ ಅಣುವೆಂಬ ನಂಬಿಕೆ ಬಹುಕಾಲ ಇತ್ತು. ಅದು ನೀರಿನಲ್ಲಿ ತಾನಾಗಿಯೇ ಕೆಡುತ್ತದೆಂದು ಸ್ವೀಡನ್ನಿನ ಟೊಮಾಸ್ ಲಿಂಡಾಲ್ ತೋರಿಸಿದರು. ಡಿಎನ್‌ಎಯ ಅಕ್ಷರಗಳೆನಿಸಿದ ಪ್ರತ್ಯಾಮ್ಲಗಳಲ್ಲಿ ಒಂದಾದ ಸೈಟೊಸೀನ್ ತನ್ನ ಅಮೈನೊ ಗುಂಪನ್ನು ಕಳೆದುಕೊಂಡರೆ ಯುರಾಸಿಲ್ ಆಗುತ್ತದೆ. ಅದನ್ನು ತಿದ್ದದಿದ್ದರೆ ಮುಂದಿನ ನಕಲಿನಲ್ಲಿ ಅಕ್ಷರವೇ ಬದಲಾಗುತ್ತದೆ. ಹೀಗೆ ಹುಟ್ಟಿದ ಯುರಾಸಿಲನ್ನು ಹುಡುಕಿ ಕಿತ್ತು ಹಾಕುವ ಯುರಾಸಿಲ್ ಡಿಎನ್‌ಎ ಗ್ಲೈಕೊಸಿಲೇಸ್ ಎಂಬ ಕಿಣ್ವವನ್ನು ಲಿಂಡಾಲ್ 1974ರಲ್ಲಿ ಇ. ಕೋಲೈ ಬ್ಯಾಕ್ಟೀರಿಯದಲ್ಲಿ ಕಂಡುಹಿಡಿದರು. ಡಿಎನ್‌ಎಯಲ್ಲಿ ಯುರಾಸಿಲ್ ಬದಲು ಥೈಮೀನ್ ಇರುವುದರ ಪ್ರಯೋಜನವೂ ಇದರಿಂದ ಸ್ಪಷ್ಟವಾಯಿತು. ಡಿಎನ್‌ಎಯಲ್ಲಿ ಯುರಾಸಿಲ್ ಸಹಜವಾಗಿ ಇರುವುದಿಲ್ಲವಾದ್ದರಿಂದ ಅದು ಕಂಡಲ್ಲೆಲ್ಲ ಹಾನಿಯಾಗಿದೆ ಎಂದೇ ಅರ್ಥ. ಕಿಣ್ವ ಗೊಂದಲವಿಲ್ಲದೆ ಕೆಲಸ ಮಾಡಬಲ್ಲದು.

ಬಿಸಿನೀರಿನ ಚಿಲುಮೆಗಳಲ್ಲಿ ಬದುಕುವ ಆರ್ಕಿಯಗಳಲ್ಲಿ ಇದೇ ತೊಂದರೆಗೆ ಇನ್ನೊಂದು ಪರಿಹಾರವಿದೆ. ಶಾಖ ಏರಿದಷ್ಟೂ ಸೈಟೊಸೀನ್ ಬೇಗ ಕೆಡುತ್ತದೆ. ಇವುಗಳ ನಕಲು ಕಿಣ್ವವಾದ ಬಿ ಕುಟುಂಬದ ಪಾಲಿಮರೇಸ್ ನಕಲು ಮಾಡುತ್ತ ಸಾಗುವಾಗ ನಾಲ್ಕು ಅಕ್ಷರ ಮುಂದಿರುವ ಯುರಾಸಿಲನ್ನು ತನ್ನದೊಂದು ಗುಳಿಯಲ್ಲಿ ಹಿಡಿದು ಅಲ್ಲಿಯೇ ನಿಂತುಬಿಡುತ್ತದೆ. ಹಾಗಾಗಿ ತಪ್ಪು ಅಕ್ಷರ ಪ್ರತಿಯೊಳಗೆ ಸೇರುವುದಿಲ್ಲ.

ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣಕ್ಕೆ ಆಮ್ಲಜನಕ ಸೇರತೊಡಗಿದಾಗ ಗ್ವಾನೀನಿನ ಉತ್ಕರ್ಷಣೆ ದೊಡ್ಡ ಅಪಾಯವಾಯಿತು. ಉತ್ಕರ್ಷಣೆಗೊಂಡ ಗ್ವಾನೀನ್ ಸೈಟೊಸೀನಿನ ಬದಲು ಅಡಿನೀನಿನ ಜೊತೆಯೂ ಕೂಡಿಕೊಳ್ಳುತ್ತದೆ. ಬ್ಯಾಕ್ಟೀರಿಯಗಳಲ್ಲಿ ಇದಕ್ಕೆ ಮೂರು ಕಿಣ್ವಗಳ ಕಾವಲಿದೆ: ಮ್ಯೂಟ್‌ಟಿ ಕೆಟ್ಟ ಕಚ್ಚಾ ಅಣುವನ್ನು ನಕಲಿಗೆ ಮೊದಲೇ ನಿವಾರಿಸುತ್ತದೆ, ಮ್ಯೂಟ್‌ಎಮ್ ಎಳೆಯೊಳಗಿನ ಕೆಟ್ಟ ಗ್ವಾನೀನನ್ನು ತೆಗೆಯುತ್ತದೆ, ಮ್ಯೂಟ್‌ವೈ ಅದರ ಎದುರು ತಪ್ಪಾಗಿ ಕೂತ ಅಡಿನೀನನ್ನು ಕೀಳುತ್ತದೆ.

ಎರಡು ಮೂಲಗಳ ನಕಲು ಯಂತ್ರ

ಡಿಎನ್‌ಎ ಪಾಲಿಮರೇಸನ್ನು ಮೊದಲು ಕಂಡವರು ಆರ್ಥರ್ ಕಾರ್ನ್‌ಬರ್ಗ್. 1956ರಲ್ಲಿ ಇ. ಕೋಲೈಯಿಂದ ಬೇರ್ಪಡಿಸಿದ ಆ ಕಿಣ್ವಕ್ಕಾಗಿ ಅವರಿಗೆ 1959ರಲ್ಲಿ ನೊಬೆಲ್ ಬಂತು. ಹತ್ತು ವರ್ಷಗಳ ಬಳಿಕ ಪೌಲಾ ಡಿ ಲೂಸಿಯಾ ಮತ್ತು ಜಾನ್ ಕೇರ್ನ್ಸ್ ಆ ಕಿಣ್ವದ ಚಟುವಟಿಕೆ ಬಹುಮಟ್ಟಿಗೆ ಇಲ್ಲವಾದ ಇ. ಕೋಲೈ ತಳಿಯನ್ನು ಪತ್ತೆಹಚ್ಚಿದರು. ಅದು ಎಂದಿನಂತೆ ಬೆಳೆಯುತ್ತಿತ್ತು. ಆದರೆ ಅತಿನೇರಿಳೆ ಕಿರಣಕ್ಕೆ ಬೇಗ ಸಾಯುತ್ತಿತ್ತು. ಕಾರ್ನ್‌ಬರ್ಗರ ಕಿಣ್ವದ ಮುಖ್ಯ ಕೆಲಸ ದುರಸ್ತಿಯೆಂದೂ ಇಡೀ ಜೀನೋಮನ್ನು ನಕಲು ಮಾಡುವ ಕಿಣ್ವ ಬೇರೆಯದೆಂದೂ ಇದರಿಂದ ಗೊತ್ತಾಯಿತು. ಅದೇ ಪಾಲಿಮರೇಸ್ 3. ಅದು ಸೆಕೆಂಡಿಗೆ ಸುಮಾರು 1000 ಅಕ್ಷರಗಳನ್ನು ಜೋಡಿಸುತ್ತದೆ.

ಜೀನೋಮ್‌ಗಳ ಹೋಲಿಕೆ ಸಾಧ್ಯವಾದ ಮೇಲೆ ಇನ್ನೂ ದೊಡ್ಡ ಸಂಗತಿ ಹೊರಬಂತು. ಪ್ರೋಟೀನ್ ತಯಾರಿಸುವ ರೈಬೊಸೋಮ್ ಎಲ್ಲ ಜೀವಿಗಳಲ್ಲೂ ಒಂದೇ ಮೂಲದ್ದು. ಡಿಎನ್‌ಎ ನಕಲಿನ ಯಂತ್ರ ಹಾಗಲ್ಲ. ಬ್ಯಾಕ್ಟೀರಿಯಗಳ ಮುಖ್ಯ ಪಾಲಿಮರೇಸ್ ಸಿ ಕುಟುಂಬದ್ದು. ಆರ್ಕಿಯಗಳಲ್ಲಿ ಬಿ ಮತ್ತು ಡಿ ಕುಟುಂಬದವು. ಯೀಸ್ಟ್, ಪ್ಯಾರಮೀಸಿಯಮ್‌ಗಳಂತೆ ಕೋಶಕೇಂದ್ರವಿರುವ ಯೂಕ್ಯಾರಿಯೋಟ್‌ಗಳಲ್ಲಿ ಬಿ ಕುಟುಂಬದವು. ಎಳೆಗಳನ್ನು ಬಿಡಿಸುವ ಹೆಲಿಕೇಸ್, ನಕಲಿಗೆ ಮೊದಲ ತುಣುಕು ಬರೆಯುವ ಪ್ರೈಮೇಸ್ ಎರಡೂ ಬ್ಯಾಕ್ಟೀರಿಯಗಳಲ್ಲಿ ಒಂದು ಬಗೆ, ಆರ್ಕಿಯ ಹಾಗೂ ಯೂಕ್ಯಾರಿಯೋಟ್‌ಗಳಲ್ಲಿ ಇನ್ನೊಂದು ಬಗೆ. ತುಣುಕುಗಳನ್ನು ಬೆಸೆಯುವ ಲಿಗೇಸ್ ಕೂಡ ಬ್ಯಾಕ್ಟೀರಿಯಗಳಲ್ಲಿ ಮುಖ್ಯವಾಗಿ ಎನ್‌ಎಡಿ ಬಳಸಿದರೆ ಉಳಿದೆರಡು ಗುಂಪುಗಳಲ್ಲಿ ಎಟಿಪಿ ಬಳಸುತ್ತದೆ. 1999ರಲ್ಲಿ ಡೆಟ್ಲೆಫ್ ಲೈಪೆ, ಎಲ್. ಅರವಿಂದ್ ಮತ್ತು ಯೂಜೀನ್ ಕೂನಿನ್ ಈ ಆಧಾರದ ಮೇಲೆ ಡಿಎನ್‌ಎ ನಕಲು ಎರಡು ಸಲ ಸ್ವತಂತ್ರವಾಗಿ ವಿಕಾಸಗೊಂಡಿತೇ ಎಂಬ ಪ್ರಶ್ನೆ ಎತ್ತಿದರು. ಡಿಎನ್‌ಎ ಮತ್ತು ಅದರ ನಕಲು ಕಿಣ್ವಗಳು ಮೊದಲು ವೈರಸ್‌ಗಳಲ್ಲಿ ಹುಟ್ಟಿ ಆಮೇಲೆ ಕೋಶಗಳಿಗೆ ಬಂದಿರಬಹುದೆಂಬುದು ಫ್ರಾನ್ಸಿನ ಪ್ಯಾಟ್ರಿಕ್ ಫೋರ್ಟೇರ್ ಅವರ ವಾದ. ಕೋಶದ ಹಳೆಯ ಕಿಣ್ವದ ಜಾಗಕ್ಕೆ ವೈರಸ್ಸಿನ ಕಿಣ್ವ ಬಂದು ಕೂರುವುದು ಅಸಾಧ್ಯವಲ್ಲ. ಯೀಸ್ಟಿನ ಮೈಟೊಕಾಂಡ್ರಿಯದ ಆರ್‌ಎನ್‌ಎ ಪಾಲಿಮರೇಸ್ ಅದರ ಬ್ಯಾಕ್ಟೀರಿಯ ಪೂರ್ವಜರದ್ದಲ್ಲ, ಟಿ7 ಎಂಬ ಬ್ಯಾಕ್ಟೀರಿಯ ವೈರಸ್ಸಿನ ಕಿಣ್ವದ ನಂಟಿನದು.

ಪಾಲಿಮರೇಸ್ ಎಳೆಯಿಂದ ಜಾರಿ ಬೀಳದಂತೆ ಹಿಡಿದಿಡುವ ಉಂಗುರಾಕಾರದ ಪ್ರೋಟೀನಿನದು ಮಾತ್ರ ಬೇರೆ ಕಥೆ. ಕೈಗೆ ಬಳೆ ತೊಡಿಸಿದಂತೆ ಅದು ಡಿಎನ್‌ಎಯನ್ನು ಸುತ್ತಿಕೊಂಡು ಎಳೆಯ ಉದ್ದಕ್ಕೂ ಜಾರುತ್ತದೆ. ಬ್ಯಾಕ್ಟೀರಿಯಗಳಲ್ಲಿ ಮೂರು ಭಾಗಗಳ ಎರಡು ಅಣುಗಳು ಕೂಡಿ, ಆರ್ಕಿಯ ಮತ್ತು ಯೂಕ್ಯಾರಿಯೋಟ್‌ಗಳಲ್ಲಿ ಎರಡು ಭಾಗಗಳ ಮೂರು ಅಣುಗಳು ಕೂಡಿ ಈ ಉಂಗುರವಾಗುತ್ತದೆ. ಎರಡರಲ್ಲೂ ಒಟ್ಟು ಆರು ಭಾಗ. ಅಮೈನೊ ಆಮ್ಲಗಳ ಸಾಲಿನಲ್ಲಿ ಹೋಲಿಕೆ ಕಾಣದಷ್ಟು ದೂರ ಸರಿದಿದ್ದರೂ ಆಕಾರ ಒಂದೇ.

ಬೆಳಕಿನಿಂದ ನಡೆಯುವ ದುರಸ್ತಿ

ಅತಿನೇರಿಳೆ ಕಿರಣ ಬಿದ್ದಾಗ ಒಂದೇ ಎಳೆಯ ಅಕ್ಕಪಕ್ಕದ ಎರಡು ಥೈಮೀನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಓಝೋನ್ ಪದರ ಇಲ್ಲದಿದ್ದ ಆದಿ ಭೂಮಿಯಲ್ಲಿ ಬಿಸಿಲಿಗೆ ಒಡ್ಡಿಕೊಂಡ ಸೂಕ್ಷ್ಮಜೀವಿಗಳಿಗೆ ಇದು ಕಡುಕಷ್ಟದ ಹಾನಿಯಾಗಿತ್ತು.

ಇದರ ದುರಸ್ತಿ ಬೆಳಕಿಗೆ ಬಂದ ರೀತಿ ಗಮನಿಸತಕ್ಕದ್ದು. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಕೆಲ್ನರ್ ಸ್ಟ್ರೆಪ್ಟೊಮೈಸೀಸ್ ಬೀಜಾಣುಗಳಿಗೆ ಅತಿನೇರಿಳೆ ಕಿರಣ ಹಾಯಿಸಿ, ಎಷ್ಟು ಚೇತರಿಸಿಕೊಳ್ಳುತ್ತವೆಂದು ಎಣಿಸುತ್ತಿದ್ದರು. ಅದೇ ಪ್ರಯೋಗ ಪ್ರತಿಸಲ ಬೇರೆ ಉತ್ತರ ಕೊಡುತ್ತಿತ್ತು. ಉಷ್ಣತೆ ಕಾರಣವೆಂದು ಅನುಮಾನಿಸಿ ಅದನ್ನು ಬಿಗಿಯಾಗಿ ಹಿಡಿದಿಟ್ಟರೂ ಏರುಪೇರು ನಿಲ್ಲಲಿಲ್ಲ. ಕೊನೆಗೆ, ಚೇತರಿಕೆಯನ್ನು ನಿರ್ಧರಿಸುತ್ತಿದ್ದದ್ದು ಬೀಜಾಣುಗಳ ಮೇಲೆ ಬೀಳುತ್ತಿದ್ದ ಸಾಮಾನ್ಯ ಬೆಳಕು ಎಂಬುದು ಹೊಳೆಯಿತು. 1949ರಲ್ಲಿ ರೆನಾಟೊ ಡಲ್ಬೆಕೊ ಬ್ಯಾಕ್ಟೀರಿಯ ವೈರಸ್‌ಗಳಲ್ಲಿ ಇದೇ ಪರಿಣಾಮವನ್ನು ವರದಿ ಮಾಡಿದರು. ಇದು ಕಿಣ್ವವೊಂದರ ಕೆಲಸವೆಂದು 1950ರ ದಶಕದಲ್ಲಿ ಕ್ಲಾಡ್ ರೂಪರ್ಟ್ ಸಾಬೀತುಪಡಿಸಿದರು. ಅದೇ ಫೋಟೊಲಯೇಸ್. ನೀಲಿ ಬೆಳಕನ್ನು ಹೀರಿದ ಈ ಕಿಣ್ವದ ಎಫ್‌ಎಡಿ ಅಣು ಅಂಟಿಕೊಂಡ ಥೈಮೀನ್‌ಗಳಿಗೆ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಬಂಧ ಬಿಡುತ್ತದೆ, ಎಲೆಕ್ಟ್ರಾನ್ ಕಿಣ್ವಕ್ಕೆ ಮರಳುತ್ತದೆ. ಎಳೆಯನ್ನು ಕತ್ತರಿಸುವ ಪ್ರಮೇಯವೇ ಇಲ್ಲ. ಇದರ ವಿವರಗಳನ್ನು ದಶಕಗಳ ಕಾಲ ಶೋಧಿಸಿದ ಟರ್ಕಿ ಮೂಲದ ಅಜೀಜ್ ಸಂಜಾರ್ ಅವರು ಲಿಂಡಾಲ್ ಹಾಗೂ ಪಾಲ್ ಮಾಡ್ರಿಚ್ ಅವರೊಂದಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಫೋಟೊಲಯೇಸ್ ಜೀವಿಗಳ ಮೂರೂ ದೊಡ್ಡ ಗುಂಪುಗಳಲ್ಲಿ ಸಿಗುತ್ತದೆ. ಗಿಡಗಳು ನೀಲಿ ಬೆಳಕನ್ನು ಗುರುತಿಸಲು, ಪ್ರಾಣಿಗಳು ಹಗಲಿರುಳಿನ ಲಯ ಕಾಪಾಡಲು ಬಳಸುವ ಕ್ರಿಪ್ಟೊಕ್ರೋಮ್‌ಗಳು ಇದೇ ಕುಟುಂಬದಿಂದ ಕವಲೊಡೆದವು. ಮನುಷ್ಯರೂ ಸೇರಿದಂತೆ ಜರಾಯು ಇರುವ ಸಸ್ತನಿಗಳು ಮೂಲ ಫೋಟೊಲಯೇಸನ್ನೇ ಕಳೆದುಕೊಂಡಿವೆ.

ಬೆಳಕು ಇಲ್ಲದಾಗ ಇದೇ ಹಾನಿಯನ್ನು ಸುತ್ತಲಿನ ಅಕ್ಷರಗಳ ಸಮೇತ ಕತ್ತರಿಸಿ ತೆಗೆಯಬೇಕಾಗುತ್ತದೆ. ಬ್ಯಾಕ್ಟೀರಿಯಗಳ ಯುವಿಆರ್‌ಎಬಿಸಿ ಕಿಣ್ವಗಳು ಹಾನಿಯ ಎರಡೂ ಬದಿ ಕೊಯ್ದು 12–13 ಅಕ್ಷರಗಳ ತುಣುಕನ್ನು ಹೊರಹಾಕುತ್ತವೆ. ಯೀಸ್ಟಿನಂಥ ಯೂಕ್ಯಾರಿಯೋಟ್‌ಗಳು ಸುಮಾರು 24ರಿಂದ 32 ಅಕ್ಷರಗಳ ತುಣುಕು ತೆಗೆಯುತ್ತವೆ. ವಿಧಾನ ಒಂದೇ, ಕಿಣ್ವಗಳಿಗೆ ಮಾತ್ರ ಪರಸ್ಪರ ನೆಂಟಸ್ತಿಕೆಯಿಲ್ಲ.

ತಪ್ಪುಜೋಡಿಗಳನ್ನು ತಿದ್ದುವುದು

ಇ. ಕೋಲೈಯ ಪಾಲಿಮರೇಸ್ ಸುಮಾರು ಒಂದು ಲಕ್ಷ ಅಕ್ಷರಗಳಿಗೆ ಒಂದು ತಪ್ಪು ಮಾಡುತ್ತದೆ. ಅದರ ಜೊತೆಗಿರುವ ತಿದ್ದುಪಡಿ ಭಾಗ ಇದನ್ನು ನೂರು ಪಟ್ಟು ಕಡಿಮೆ ಮಾಡುತ್ತದೆ. ಅದನ್ನೂ ದಾಟಿ ಉಳಿದ ತಪ್ಪುಗಳನ್ನು ಮ್ಯೂಟ್‌ಎಸ್ ಗುರುತಿಸುತ್ತದೆ. ಮ್ಯೂಟ್‌ಎಲ್ ಮುಂದಿನ ಕೆಲಸಕ್ಕೆ ಚಾಲನೆ ಕೊಡುತ್ತದೆ. ಆದರೆ ತಪ್ಪಾಗಿ ಜೋಡಿಯಾದ ಎರಡು ಅಕ್ಷರಗಳಲ್ಲಿ ಮೂಲ ಯಾವುದು, ನಕಲು ಯಾವುದು? ಇ. ಕೋಲೈಯಲ್ಲಿ ಹಳೆಯ ಎಳೆಯ ಜಿಎಟಿಸಿ ಎಂಬ ಸಾಲುಗಳಲ್ಲಿ ಮೀಥೈಲ್ ಗುರುತು ಇರುತ್ತದೆ. ಹೊಸ ಎಳೆಗೆ ಅದು ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಅವಧಿಯಲ್ಲಿ ಮ್ಯೂಟ್‌ಎಚ್ ಗುರುತಿಲ್ಲದ ಎಳೆಯನ್ನು ಕೊಯ್ಯುತ್ತದೆ. ಪಠ್ಯಪುಸ್ತಕಗಳಲ್ಲಿ ಮಾದರಿಯಾಗಿ ಬರುವ ಈ ವ್ಯವಸ್ಥೆ ಇ. ಕೋಲೈ ಮತ್ತು ಅದರ ಹತ್ತಿರದ ಬಳಗಕ್ಕಷ್ಟೇ ಸೀಮಿತ. ಉಳಿದ ಬಹುಪಾಲು ಬ್ಯಾಕ್ಟೀರಿಯಗಳಲ್ಲಿ ಮ್ಯೂಟ್‌ಎಚ್ ಇಲ್ಲ. ಕೊಯ್ಯುವ ಕೆಲಸವನ್ನು ಮ್ಯೂಟ್‌ಎಲ್ ತಾನೇ ಮಾಡುತ್ತದೆ.

ಹಲವು ಆರ್ಕಿಯಗಳಲ್ಲಿ ಮತ್ತು ಕ್ಷಯದ ಬ್ಯಾಕ್ಟೀರಿಯ ಸೇರಿರುವ ಆಕ್ಟಿನೊಬ್ಯಾಕ್ಟೀರಿಯ ಗುಂಪಿನಲ್ಲಿ ಮ್ಯೂಟ್‌ಎಸ್, ಮ್ಯೂಟ್‌ಎಲ್ ಎರಡೂ ಇಲ್ಲ. ಹಾಗಿದ್ದರೂ ಅವುಗಳ ಉತ್ಪರಿವರ್ತನೆಯ ದರ ಹೆಚ್ಚೇನಲ್ಲ. 2016–17ರಲ್ಲಿ ಇದಕ್ಕೆ ಉತ್ತರ ದೊರೆಯಿತು. ನ್ಯೂಕ್‌ಎಸ್ ಎಂಬ ಸಂಬಂಧವೇ ಇಲ್ಲದ ಕಿಣ್ವ ತಪ್ಪುಜೋಡಿಯಿರುವಲ್ಲಿ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಕ್ಷಯದ ಬ್ಯಾಕ್ಟೀರಿಯದ ನಿರಪಾಯಕಾರಿ ಬಂಧು ಮೈಕೊಬ್ಯಾಕ್ಟೀರಿಯಮ್ ಸ್ಮೆಗ್ಮ್ಯಾಟಿಸ್‌ನಲ್ಲಿ ಈ ಜೀನನ್ನು ತೆಗೆದಾಗ ಉತ್ಪರಿವರ್ತನೆ ನೂರು ಪಟ್ಟಿಗಿಂತ ಹೆಚ್ಚಾಯಿತು.

ಕಡಿದ ಎಳೆಗಳು: ರೆಕ್‌ಎ ಬಳಗ

ಡಿಎನ್‌ಎಯ ಎರಡೂ ಎಳೆಗಳು ಒಟ್ಟಿಗೆ ಕಡಿದರೆ ಮಾಹಿತಿಗೆ ಇನ್ನೊಂದು ಪ್ರತಿಯನ್ನೇ ಆಶ್ರಯಿಸಬೇಕು. ಆ ಪ್ರತಿಯಲ್ಲಿ ಸರಿಯಾದ ಜಾಗವನ್ನು ಹುಡುಕಿ ಜೋಡಿಸುವ ಪ್ರೋಟೀನ್ ಬ್ಯಾಕ್ಟೀರಿಯಗಳಲ್ಲಿ ರೆಕ್‌ಎ, ಆರ್ಕಿಯಗಳಲ್ಲಿ ರಾಡ್‌ಎ, ಯೂಕ್ಯಾರಿಯೋಟ್‌ಗಳಲ್ಲಿ ರಾಡ್51. ಮೂರೂ ಒಂದೇ ಪೂರ್ವಜ ಪ್ರೋಟೀನಿನ ಸಂತತಿ. ನಕಲು ಯಂತ್ರ ವಂಶದಿಂದ ವಂಶಕ್ಕೆ ಬೇರೆಯಾದರೂ ಕಡಿದುದನ್ನು ಕೂಡಿಸುವ ಈ ಉಪಾಯ ಸಾಮಾನ್ಯ ಪೂರ್ವಜನಲ್ಲಿಯೇ ಇತ್ತೆಂದು ಇದು ಹೇಳುತ್ತದೆ.

ರೆಕ್‌ಎಗೆ ಇನ್ನೊಂದು ಹೊಣೆಯಿದೆ. ಹಾನಿಗೊಂಡ ಒಂಟಿ ಎಳೆಯ ಮೇಲೆ ಅದು ಸಾಲುಗಟ್ಟಿದಾಗ ಲೆಕ್ಸ್‌ಎ ಎಂಬ ತಡೆ ಪ್ರೋಟೀನ್ ತನ್ನನ್ನು ತಾನೇ ತುಂಡರಿಸಿಕೊಳ್ಳುತ್ತದೆ, ಇ. ಕೋಲೈಯಲ್ಲಿ 40ಕ್ಕೂ ಹೆಚ್ಚು ಜೀನ್‌ಗಳು ಎಚ್ಚರಗೊಳ್ಳುತ್ತವೆ. ಎವೆಲಿನ್ ವಿಟ್ಕಿನ್ ಮತ್ತು ಮಿರೊಸ್ಲಾವ್ ರಾಡ್‌ಮನ್ 1970ರ ದಶಕದಲ್ಲಿ ರೂಪಿಸಿದ ಈ ಕಲ್ಪನೆಗೆ ಎಸ್‌ಒಎಸ್ ಪ್ರತಿಕ್ರಿಯೆ ಎಂಬ ಹೆಸರಿದೆ. ಇದರಲ್ಲಿ ಕೊನೆಗೆ ಹೊರಬರುವ ಪಾಲಿಮರೇಸ್ 5 ಕೆಟ್ಟ ಅಕ್ಷರವನ್ನೂ ದಾಟಿ ನಕಲು ಮುಂದುವರಿಸುತ್ತದೆ, ಬೇಕಾದಷ್ಟು ತಪ್ಪುಗಳನ್ನೂ ಮಾಡುತ್ತದೆ.

ಎಳೆಗಳ ಜೋಡಣೆಯ ಅತ್ಯಂತ ಬೆರಗಿನ ಉದಾಹರಣೆ ಡೈನೊಕಾಕಸ್ ರೇಡಿಯೊಡ್ಯುರಾನ್ಸ್. 1956ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಕೊರ್ವಾಲಿಸ್‌ನಲ್ಲಿ ಆರ್ಥರ್ ಆಂಡರ್ಸನ್ ಮತ್ತು ಸಂಗಡಿಗರು ಗಾಮಾ ಕಿರಣ ಹಾಯಿಸಿದ ಮೇಲೂ ಕೆಟ್ಟುಹೋದ ಡಬ್ಬಿ ಮಾಂಸದಿಂದ ಇದನ್ನು ಬೇರ್ಪಡಿಸಿದರು. ಮನುಷ್ಯರಿಗೆ 5 ಗ್ರೇ ವಿಕಿರಣವೇ ಮಾರಕ. ಈ ಬ್ಯಾಕ್ಟೀರಿಯ 5000 ಗ್ರೇ ತಾಳಿಕೊಳ್ಳುತ್ತದೆ. ಅಷ್ಟರಲ್ಲಿ ಅದರ ಜೀನೋಮ್ ನೂರಾರು ಚೂರಾಗಿರುತ್ತದೆ. ಕೆಲವೇ ಗಂಟೆಗಳಲ್ಲಿ ಮತ್ತೆ ಇಡಿಯಾಗುತ್ತದೆ. ಇದು ನಡೆಯುವ ಬಗೆಯನ್ನು ರಾಡ್‌ಮನ್ ತಂಡ 2006ರಲ್ಲಿ ವಿವರಿಸಿತು. ಕೋಶದಲ್ಲಿ ಜೀನೋಮಿನ ಹಲವು ಪ್ರತಿಗಳಿರುತ್ತವೆ. ಪ್ರತಿಯೊಂದೂ ಬೇರೆ ಬೇರೆ ಕಡೆ ಕಡಿದಿರುವುದರಿಂದ ಒಂದರ ಚೂರಿನ ತುದಿ ಇನ್ನೊಂದರ ಚೂರಿನ ನಡುವಿಗೆ ಹೊಂದುತ್ತದೆ. ರೆಕ್‌ಎ ಆ ಹೊಂದಾಣಿಕೆ ಮಾಡಿಸುತ್ತದೆ, ಪಾಲಿಮರೇಸ್ ತುದಿಯನ್ನು ಉದ್ದಕ್ಕೆ ಬೆಳೆಸುತ್ತದೆ, ಬೆಳೆದ ಎಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇಲ್ಲಿ ದುಡಿಯುವ ಮುಖ್ಯ ಕಿಣ್ವಗಳು ಇ. ಕೋಲೈಯಲ್ಲೂ ಇರುವಂಥವೇ. ಈ ಬ್ಯಾಕ್ಟೀರಿಯದಲ್ಲಿ ಮ್ಯಾಂಗನೀಸ್ ಹೇರಳವಾಗಿದ್ದು ಪ್ರೋಟೀನ್‌ಗಳು ಉತ್ಕರ್ಷಣೆಯಿಂದ ಪಾರಾಗುತ್ತವೆಂದು ಮೈಕೆಲ್ ಡೇಲಿ ಅವರ ತಂಡ ತೋರಿಸಿದೆ. ದುರಸ್ತಿಗಾರ ಕಿಣ್ವಗಳು ಬದುಕಿ ಉಳಿದರೆ ತಾನೇ ದುರಸ್ತಿ.

ಇಷ್ಟು ವಿಕಿರಣ ಭೂಮಿಯ ಮೇಲೆ ಸಹಜವಾಗಿ ಎಲ್ಲಿಯೂ ಇಲ್ಲ. ಹಾಗಾದರೆ ಈ ಶಕ್ತಿ ಬಂದದ್ದಾದರೂ ಹೇಗೆ? ವಿಕಿರಣಕ್ಕೆ ಸೋಲುವ ಅದರ ಉತ್ಪರಿವರ್ತಿತ ತಳಿಗಳು ಒಣಗಿದಾಗಲೂ ಸಾಯುತ್ತವೆಂದು ವಾಲೆರಿ ಮ್ಯಾಟಿಮೋರ್ ಮತ್ತು ಜಾನ್ ಬಟಿಸ್ಟಾ 1996ರಲ್ಲಿ ಕಂಡರು. ತೇವವಿಲ್ಲದೆ ಒಣಗಿದಾಗಲೂ ಡಿಎನ್‌ಎ ಚೂರಾಗುತ್ತದೆ. ಬರ ತಾಳಲು ಬಂದ ಗುಣ ವಿಕಿರಣಕ್ಕೂ ಒದಗಿತು.

ಇನ್ನೊಂದು ಪ್ರತಿಯ ನೆರವಿಲ್ಲದೆ ಕಡಿದ ತುದಿಗಳನ್ನು ನೇರವಾಗಿ ಬೆಸೆಯುವ ವಿಧಾನ ಯೂಕ್ಯಾರಿಯೋಟ್‌ಗಳದ್ದು ಮಾತ್ರ ಎಂದು ಭಾವಿಸಲಾಗಿತ್ತು. ಅದರಲ್ಲಿ ದುಡಿಯುವ ಕು ಎಂಬ ಪ್ರೋಟೀನಿನ ಬಂಧುಗಳು ಬ್ಯಾಕ್ಟೀರಿಯಗಳಲ್ಲೂ ಇವೆಯೆಂದು 2001ರಲ್ಲಿ ಜೀನೋಮ್ ಹೋಲಿಕೆ ಸೂಚಿಸಿತು, 2002ರಲ್ಲಿ ಪ್ರಯೋಗ ಖಚಿತಪಡಿಸಿತು.

ಸುರುಳಿ ಬಿಡಿಸುವ ಕಿಣ್ವಗಳು

ನಕಲು ನಡೆಯುವಾಗ ಡಿಎನ್‌ಎ ಮುಂದೆ ಮುಂದೆ ಹುರಿಗೊಳ್ಳುತ್ತದೆ. ಎಳೆಯನ್ನು ಕ್ಷಣಕಾಲ ಕತ್ತರಿಸಿ, ಹುರಿ ಬಿಡಿಸಿ, ಮತ್ತೆ ಬೆಸೆಯುವ ಕಿಣ್ವಗಳು ಟೊಪೊಐಸೋಮರೇಸ್‌ಗಳು. ಇವುಗಳಲ್ಲಿ ಮೊದಲನೆಯದನ್ನು ಜೇಮ್ಸ್ ವಾಂಗ್ 1971ರಲ್ಲಿ, ಗೈರೇಸ್ ಎಂಬ ಇನ್ನೊಂದನ್ನು ಮಾರ್ಟಿನ್ ಗೆಲರ್ಟ್ ಮತ್ತು ಸಂಗಡಿಗರು 1976ರಲ್ಲಿ ಇ. ಕೋಲೈಯಲ್ಲಿ ಕಂಡರು. 80 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖದಲ್ಲಿ ಚೆನ್ನಾಗಿ ಬೆಳೆಯುವ ಜೀವಿಗಳ ಗುರುತೇ ರಿವರ್ಸ್ ಗೈರೇಸ್. ಹೆಲಿಕೇಸ್ ಮಾದರಿಯ ಭಾಗವೊಂದು ಟೊಪೊಐಸೋಮರೇಸಿನೊಂದಿಗೆ ಬೆಸೆದು ಹುಟ್ಟಿದ ಈ ಕಿಣ್ವ ಆರ್ಕಿಯಗಳು ಮತ್ತು ಬ್ಯಾಕ್ಟೀರಿಯಗಳ ನಡುವೆ ಕೈ ಬದಲಾಯಿಸಿದೆ.

1997ರಲ್ಲಿ ಆರ್ಕಿಯಗಳ ಟೊಪೊಐಸೋಮರೇಸ್ 6 ಬಗ್ಗೆ ಪ್ರಕಟವಾದ ಸಂಶೋಧನೆ ದೊಡ್ಡ ನಂಟೊಂದನ್ನು ಬಯಲು ಮಾಡಿತು. ಇದರ ಒಂದು ಭಾಗ ಯೀಸ್ಟಿನ ಎಸ್‌ಪಿಒ11 ಪ್ರೋಟೀನಿಗೆ ಹೋಲುತ್ತದೆ. ಲೈಂಗಿಕ ಕೋಶಗಳು ರೂಪುಗೊಳ್ಳುವಾಗ ಡಿಎನ್‌ಎಯನ್ನು ಬೇಕೆಂದೇ ಕಡಿದು, ತಂದೆತಾಯಿಯರ ಜೀನ್‌ಗಳು ಅದಲುಬದಲಾಗಲು ದಾರಿ ಮಾಡುವುದು ಎಸ್‌ಪಿಒ11. ಹುರಿ ಬಿಡಿಸುತ್ತಿದ್ದ ಕಿಣ್ವದ ಬಂಧು ಲೈಂಗಿಕ ಸಂತಾನೋತ್ಪತ್ತಿಯ ಮೊದಲ ಹೆಜ್ಜೆಗೆ ನೇಮಕವಾಗಿದೆ.

ಯೂಕ್ಯಾರಿಯೋಟ್ ಏಕಕೋಶಿಗಳ ಹೊಸ ಕಿಣ್ವಗಳು

ಉಂಗುರವಾಗಿರದೆ ನೇರವಾಗಿರುವ ಕ್ರೋಮೋಸೋಮಿನ ತುದಿಯನ್ನು ಪೂರ್ತಿಯಾಗಿ ನಕಲು ಮಾಡಲು ಸಾಮಾನ್ಯ ಪಾಲಿಮರೇಸ್‌ಗೆ ಆಗದು. ಬೊರೇಲಿಯ ಬ್ಯಾಕ್ಟೀರಿಯ ತುದಿಯನ್ನು ಮಡಚಿ ಮುಚ್ಚಿಕೊಂಡಿದೆ. ಸ್ಟ್ರೆಪ್ಟೊಮೈಸೀಸ್ ತುದಿಗೆ ಪ್ರೋಟೀನ್ ಅಂಟಿಸಿಕೊಂಡಿದೆ. ಯೂಕ್ಯಾರಿಯೋಟ್‌ಗಳ ಉತ್ತರ ಟೆಲೊಮರೇಸ್. ಚಿಕ್ಕ ಚಿಕ್ಕ ಕ್ರೋಮೋಸೋಮ್‌ಗಳು, ಆದ್ದರಿಂದ ತುದಿಗಳೂ ಹೇರಳವಾಗಿರುವ ಟೆಟ್ರಾಹೈಮಿನ ಎಂಬ ಏಕಕೋಶಿಯಲ್ಲಿ 1984ರ ಡಿಸೆಂಬರ್ 25ರಂದು ಕ್ಯಾರಲ್ ಗ್ರೈಡರ್ ಇದರ ಮೊದಲ ಕುರುಹು ಕಂಡರು. ಎಲಿಜಬೆತ್ ಬ್ಲ್ಯಾಕ್‌ಬರ್ನ್, ಗ್ರೈಡರ್ ಮತ್ತು ಜ್ಯಾಕ್ ಶೋಸ್ತಾಕ್ 2009ರಲ್ಲಿ ನೊಬೆಲ್ ಹಂಚಿಕೊಂಡರು. ಟೆಲೊಮರೇಸ್ ತನ್ನೊಳಗಿನ ಆರ್‌ಎನ್‌ಎಯನ್ನು ನೋಡಿ ಡಿಎನ್‌ಎ ಬರೆಯುತ್ತದೆ; ಜೀನೋಮಿನಲ್ಲಿ ಜಿಗಿದಾಡುವ ಸ್ವಾರ್ಥಿ ತುಣುಕುಗಳು ಬಳಸುವ ಕಿಣ್ವದ ಕುಟುಂಬಕ್ಕೆ ಇದು ಸೇರಿದೆ.

ಪ್ಯಾರಮೀಸಿಯಮ್‌ನಲ್ಲಿ ಇನ್ನೊಂದು ಬಗೆಯ ಪಳಗಿಸುವಿಕೆ ಕಾಣುತ್ತದೆ. ಇದರ ಕಿರುಕೇಂದ್ರ ವಂಶಕ್ಕಾಗಿ ಮೀಸಲು. ನಿತ್ಯದ ಬದುಕಿಗೆ ಹಿರಿಕೇಂದ್ರ. ಲೈಂಗಿಕ ಕ್ರಿಯೆಯ ಬಳಿಕ ಹೊಸ ಹಿರಿಕೇಂದ್ರ ರೂಪುಗೊಳ್ಳುವಾಗ ಪ್ಯಾರಮೀಸಿಯಮ್ ಟೆಟ್ರಾಯುರೇಲಿಯ ಸುಮಾರು 45,000 ತುಣುಕುಗಳನ್ನು ಕತ್ತರಿಸಿ ತೆಗೆಯುತ್ತದೆ. ಕತ್ತರಿಸುವ ಪಿಗ್ಗಿಮ್ಯಾಕ್ ಹಿಂದೆ ಜಿಗಿಯುವ ಜೀನಿನ ಕಿಣ್ವವಾಗಿತ್ತು. ತುದಿಗಳನ್ನು ಬೆಸೆಯುವುದು ಕು ಮತ್ತು ಲಿಗೇಸ್ 4ರ ಕೆಲಸ.

ತಪ್ಪಿನ ಪ್ರಮಾಣವೂ ವಿಕಾಸದ ಫಲ

ಡಿಎನ್‌ಎ ಇರುವ ಸೂಕ್ಷ್ಮಜೀವಿಗಳಲ್ಲಿ ಜೀನೋಮ್ ಒಮ್ಮೆ ನಕಲಾದಾಗ ಸರಾಸರಿ 0.003 ಉತ್ಪರಿವರ್ತನೆ, ಅಂದರೆ ಸುಮಾರು 300 ನಕಲಿಗೆ ಒಂದು, ಉಳಿಯುತ್ತದೆಂದು ಜಾನ್ ಡ್ರೇಕ್ 1991ರಲ್ಲಿ ಲೆಕ್ಕ ಹಾಕಿದರು. ಜೀನೋಮಿನ ಗಾತ್ರ ಎಷ್ಟೇ ಬೇರೆಯಾದರೂ ಈ ಸಂಖ್ಯೆ ಹೆಚ್ಚು ಬದಲಾಗಲಿಲ್ಲ. ದುರಸ್ತಿ ಶೂನ್ಯ ತಪ್ಪಿನತ್ತ ಏಕೆ ಹೋಗುವುದಿಲ್ಲ? ಒಂದು ಮಟ್ಟ ದಾಟಿದ ಮೇಲೆ ಇನ್ನಷ್ಟು ನಿಖರತೆಯ ಲಾಭ ತೀರ ಚಿಕ್ಕದಾಗಿ, ನೈಸರ್ಗಿಕ ಆಯ್ಕೆಗಿಂತ ಆಕಸ್ಮಿಕದ ಕೈ ಮೇಲಾಗುತ್ತದೆ ಎಂಬುದು ಮೈಕೆಲ್ ಲಿಂಚ್ ಅವರ ವಿವರಣೆ. ಪ್ಯಾರಮೀಸಿಯಮ್ ಟೆಟ್ರಾಯುರೇಲಿಯದಲ್ಲಿ ಪ್ರತಿ ಅಕ್ಷರಕ್ಕೆ ಪ್ರತಿ ವಿಭಜನೆಗೆ ಉತ್ಪರಿವರ್ತನೆಯ ದರ ಅತಿ ಕಡಿಮೆ ಇರುವುದೂ ಇದಕ್ಕೆ ಹೊಂದುತ್ತದೆ. ಅದರ ಕಿರುಕೇಂದ್ರದ ಜೀನ್‌ಗಳು ಎಷ್ಟೋ ವಿಭಜನೆಗಳವರೆಗೆ ಸುಮ್ಮನಿರುತ್ತವೆ. ಕೂಡಿಬಿದ್ದ ತಪ್ಪುಗಳೆಲ್ಲ ಲೈಂಗಿಕ ಕ್ರಿಯೆಯ ನಂತರ ಒಮ್ಮೆಗೇ ಪರೀಕ್ಷೆಗೆ ಬರುತ್ತವೆ.

ದುರಸ್ತಿ ಸಡಿಲವಾದರೂ ಕೆಲವೊಮ್ಮೆ ಅನುಕೂಲವೇ. ರಿಚರ್ಡ್ ಲೆನ್ಸ್ಕಿ 1988ರ ಫೆಬ್ರವರಿ 24ರಂದು ಇ. ಕೋಲೈಯ 12 ಗುಂಪುಗಳೊಂದಿಗೆ ಆರಂಭಿಸಿದ ದೀರ್ಘ ಪ್ರಯೋಗದಲ್ಲಿ 10,000 ಪೀಳಿಗೆಗಳೊಳಗೆ ಮೂರು ಗುಂಪುಗಳು ದುರಸ್ತಿ ಜೀನ್ ಕೆಟ್ಟು ಅತಿ ಉತ್ಪರಿವರ್ತಕಗಳಾದವು. 50,000 ಪೀಳಿಗೆಗಳ ಹೊತ್ತಿಗೆ ಅವು ಆರಾದವು. ಹೊಸ ಲಾಭದಾಯಕ ಗುಣ ಇಂಥ ಕೋಶದಲ್ಲಿ ಬೇಗ ಹುಟ್ಟುತ್ತದೆ, ಅದರ ಜೊತೆ ಕೆಟ್ಟ ದುರಸ್ತಿ ಜೀನೂ ಮೇಲೇರುತ್ತದೆ. ಆದರೆ ಹೊಂದಾಣಿಕೆ ಮುಗಿಯುತ್ತ ಬಂದಂತೆ ತಪ್ಪುಗಳ ಹೊರೆ ಭಾರವಾಗುತ್ತದೆ. ಮ್ಯೂಟ್‌ಟಿ ಕೆಟ್ಟಿದ್ದ ಒಂದು ಗುಂಪಿನಲ್ಲಿ ಮುಂದೆ ಮ್ಯೂಟ್‌ವೈ ಬದಲಾಗಿ ಉತ್ಪರಿವರ್ತನೆಯ ದರ ಮತ್ತೆ ಇಳಿಯಿತು.

ಆಶ್ರಯದ ಬದುಕಿನಲ್ಲಿ ನಷ್ಟ ಶಾಶ್ವತವಾಗುವುದುಂಟು. ಗಿಡಹೇನುಗಳ ಕೋಶದೊಳಗೆ ಬದುಕುವ ಬುಕ್ನೆರ ಬ್ಯಾಕ್ಟೀರಿಯದ ಜೀನೋಮನ್ನು 2000ರಲ್ಲಿ ಓದಿದಾಗ ರೆಕ್‌ಎ ಮತ್ತು ಯುವಿಆರ್‌ಎಬಿಸಿ ಎರಡೂ ಕಾಣಲಿಲ್ಲ. ಸ್ವತಂತ್ರವಾಗಿ ಬದುಕುವ ಹ್ಯಾನ್ಸೆನಿಯಾಸ್ಪೊರ ಎಂಬ ಯೀಸ್ಟ್ ಬಳಗವೂ ಹಲವಾರು ದುರಸ್ತಿ ಜೀನ್‌ಗಳನ್ನು ಕಳೆದುಕೊಂಡಿರುವುದು 2019ರಲ್ಲಿ ತಿಳಿಯಿತು.

ಭಾರತದಲ್ಲಿ ಸಂಶೋಧನೆ ಮತ್ತು ಕ್ಷಯ ಚಿಕಿತ್ಸೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಕ್ಷೇತ್ರಕ್ಕೆ ಗಟ್ಟಿ ಕೊಡುಗೆ ನೀಡಿದೆ. ಕ್ಷಯದ ಬ್ಯಾಕ್ಟೀರಿಯದ ರೆಕ್‌ಎ ಕುರಿತು ಕೆ. ಮುನಿಯಪ್ಪ, ಅದರ ಸ್ಫಟಿಕ ರಚನೆ ಕುರಿತು ಎಂ. ವಿಜಯನ್, ಯುರಾಸಿಲ್ ತೆಗೆಯುವ ಕಿಣ್ವ ಕುರಿತು ಉಮೇಶ್ ವಾರ್ಷ್ಣೇಯ, ಗೈರೇಸ್ ಕುರಿತು ವಿ. ನಾಗರಾಜ ಅಲ್ಲಿ ತಂಡಗಳನ್ನು ಕಟ್ಟಿ ದುಡಿದಿದ್ದಾರೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಡೈನೊಕಾಕಸ್ ಅಧ್ಯಯನ ನಡೆದಿದೆ.

ಕ್ಷಯದ ಮೇಲೆ ಇಷ್ಟು ಗಮನ ಹರಿಯಲು ಬಲವಾದ ಕಾರಣವಿದೆ. ಅನೇಕ ಬ್ಯಾಕ್ಟೀರಿಯಗಳು ಔಷಧ ನಿರೋಧಕ ಜೀನ್‌ಗಳನ್ನು ನೆರೆಯವರಿಂದ ಪಡೆಯುತ್ತವೆ. ಕ್ಷಯದ ಬ್ಯಾಕ್ಟೀರಿಯದಲ್ಲಿ ನಿರೋಧಕತೆ ಹುಟ್ಟುವುದು ಅದರದೇ ಕ್ರೋಮೋಸೋಮಿನ ಉತ್ಪರಿವರ್ತನೆಯಿಂದ. ಆದ್ದರಿಂದ ತಪ್ಪು ತಿದ್ದುವ ನ್ಯೂಕ್‌ಎಸ್, ತಪ್ಪು ಮಾಡುತ್ತಲೇ ಹಾನಿಯನ್ನು ದಾಟುವ ಡಿಎನ್‌ಎಇ2 ಪಾಲಿಮರೇಸ್ ಎರಡೂ ರೋಗಿಯ ಚಿಕಿತ್ಸೆಗೆ ನೇರ ಸಂಬಂಧಪಟ್ಟವು. ಎರಡನೆಯದನ್ನು ತಡೆದು ನಿರೋಧಕತೆ ಹುಟ್ಟುವುದನ್ನೇ ನಿಧಾನಗೊಳಿಸುವ ವಿಚಾರ ಸಂಶೋಧಕರ ಮುಂದಿದೆ. ಔಷಧ ನಿರೋಧಕ ಕ್ಷಯಕ್ಕೆ ಕೊಡುವ ಫ್ಲೋರೊಕ್ವಿನೊಲೋನ್‌ಗಳು ಆ ಬ್ಯಾಕ್ಟೀರಿಯದ ಗೈರೇಸನ್ನು ಹಿಡಿದು ಕೆಡಿಸುತ್ತವೆ. ಸ್ಟ್ರೆಪ್ಟೊಮೈಸೀಸ್ ತಯಾರಿಸುವ ಗ್ರಿಸೆಲಿಮೈಸಿನ್ ಬ್ಯಾಕ್ಟೀರಿಯದ ಉಂಗುರ ಪ್ರೋಟೀನಿಗೆ ಅಂಟಿ ನಕಲು ನಿಲ್ಲಿಸುತ್ತದೆಂದೂ ಅದರ ಸುಧಾರಿತ ರೂಪ ಇಲಿಗಳಲ್ಲಿ ಕ್ಷಯವನ್ನು ತಡೆಯುತ್ತದೆಂದೂ 2015ರಲ್ಲಿ ವರದಿಯಾಯಿತು. ಮನುಷ್ಯರ ಕೋಶದಲ್ಲೂ ಅದೇ ಆಕಾರದ ಉಂಗುರವಿದೆ. ಆದರೆ ಎರಡು ವಂಶಗಳ ನಡುವಿನ ದೀರ್ಘ ಅಗಲಿಕೆಯಲ್ಲಿ ಅವುಗಳ ಒಳವಿವರಗಳು ಬದಲಾಗಿವೆ. ಒಂದೇ ಕೆಲಸಕ್ಕೆ ಜೀವಿಗಳು ಬೇರೆ ಬೇರೆ ಕಿಣ್ವಗಳನ್ನು ರೂಪಿಸಿಕೊಂಡದ್ದರಿಂದಲೇ, ರೋಗಾಣುವಿನ ನಕಲು ಯಂತ್ರವನ್ನು ನಿಲ್ಲಿಸಿ ರೋಗಿಯದನ್ನು ಉಳಿಸುವ ಔಷಧ ಸಾಧ್ಯವಾಗುತ್ತದೆ.